ಮರಕ್ಕೆ ಒರಗಿಸಿದ ಏಣಿ

ಟಕ್, ಟಕ್, ಟಕ್. ಬಿದಿರಿನ ಏಣಿಗೆ ಕೋಲು ಬಡಿಯುವ ಆ ಸದ್ದು ಕೇಳಿದರೆ ಥೀಮು ಬಂದಳೆಂದೇ ಅರ್ಥ. ಸಾಲ್ವಿನ್ ನದಿಯಂಚಿನ ಗುಡ್ಡಗಳ ನಮ್ಮ ಕರೆನ್ ಜನರ ಹಳ್ಳಿಗಳಲ್ಲಿ ಯಾರೂ ಹೀಗೆ ಬಡಿದು ಒಳಗೆ ಹೋಗುವುದಿಲ್ಲ. ಮನೆಗಳೆಲ್ಲ ಕಂಬಗಳ ಮೇಲೆ; ಕೆಳಗೆ ನಿಂತು ‘ಊಟ ಆಯ್ತಾ?’ ಎಂದರೆ ಸಾಕು. ಇವಳು ಮಾತ್ರ, ಬೆನ್ನ ಮೇಲೆ ಔಷಧದ ಬುಟ್ಟಿ ಹೊತ್ತು, ಅದರ ಪಟ್ಟಿಯನ್ನು ಹಣೆಗೆ ಬಿಗಿದು, ಸತ್ತ ಗಂಡನ ಮಳೆಕೋಟು ಮೊಣಕಾಲಿನ ಕೆಳಗೂ ಜೋಲುತ್ತಿರಲು, ಮೊದಲು ಕೆಳಮೆಟ್ಟಿಲನ್ನು ತಟ್ಟಿ, ತುಸು ಕಾದು, ತನಗಿಂತ ಮುಂದೆ ಯಾರೋ ಹತ್ತಿಹೋಗುತ್ತಿರುವರೆಂಬಂತೆ ಸರಿದು ದಾರಿ ಬಿಟ್ಟು, ಆಮೇಲೆ ತಾನು ಹತ್ತುವಳು.

ಅವಳು ದಾರಿ ಬಿಡುವುದು ರೋಗಿಯ ಜೀವಕ್ಕೆ. ಹೆದರಿದ ಜೀವ ಮೈ ಬಿಟ್ಟು ಕಾಡಿಗೆ ಓಡುತ್ತದೆ, ಏಣಿ ತಟ್ಟಿ ಕರೆದರೆ ಹಿಂತಿರುಗುತ್ತದೆ, ಬಂದದ್ದನ್ನು ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿ ನಿಲ್ಲಿಸಿಕೊಳ್ಳಬೇಕು. ಇದು ನಮ್ಮ ಅಜ್ಜಿಯರ ವೈದ್ಯ. ಥೀಮುವಾದರೋ ದೀಕ್ಷಾಸ್ನಾನ ಪಡೆದವಳು. ಗಡಿಯಾಚೆಯ ನಿರಾಶ್ರಿತರ ಶಿಬಿರದಲ್ಲಿ ಸೂಜಿಮದ್ದು ಕೊಡುವುದನ್ನೂ ಗಾಯ ಹೊಲಿಯುವುದನ್ನೂ ಕಲಿತು ಬಂದವಳು. ಊರೂರಿಗೆ ಔಷಧ ಹೊತ್ತೊಯ್ಯುವ ಅವಳ ತಂಡದ ಜೊತೆಗೇ ನಡೆಯುತ್ತಿದ್ದ ಪಾದ್ರಿ ವೇಥೂಗೆ ಅವಳ ಕೋಲು ಕಂಡರೆ ಆಗುತ್ತಿರಲಿಲ್ಲ.

“ಡಾಕ್ಟ್ರಮ್ಮ, ಬುಟ್ಟಿ ತುಂಬಾ ಮಾತ್ರೆ ಇಟ್ಕೊಂಡು ಈ ಕೋಲಾಟ ಯಾಕೆ?”

“ಮಾತ್ರೆ ನುಂಗೋಕೆ ಒಳಗೆ ಯಾರಾದ್ರೂ ಇರ್ಬೇಕಲ್ಲ, ಪಾದ್ರಿಗಳೇ.”

ಅಷ್ಟು ಹೇಳಿ ಅಡಕೆ ಬಾಯಿಗೆ ಹಾಕಿಕೊಳ್ಳುವಳು. ಕೋಟಿನ ಒಂದು ಜೇಬಿನಲ್ಲಿ ಎಲೆಯಡಕೆ, ಇನ್ನೊಂದರಲ್ಲಿ ಜ್ವರ ನೋಡುವ ಕಡ್ಡಿ. ಯಾವುದೋ ಯೋಚನೆಯಲ್ಲಿ ರೋಗಿಯ ಬಾಯಿಗೆ ಅಡಕೆಯನ್ನೂ ತನ್ನ ಬಾಯಿಗೆ ಕಡ್ಡಿಯನ್ನೂ ಇಟ್ಟುಕೊಂಡಳೆಂದು ಹೇಳಿ ನಗುವವರು ಈಗಲೂ ಇದ್ದಾರೆ.

ಆ ವರ್ಷ ಭತ್ತ ಮಾಗುವ ಮೊದಲೇ ಸೈನಿಕರು ಬಂದು ಒಂದು ಊರನ್ನು ಸುಟ್ಟರು. ಜನ ಹಳ್ಳದ ಮೇಲಿನ ಕಾಡಿನಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಅಡಗಿದ್ದರು. ಕೂಗಿ ಸುಳಿವು ಕೊಟ್ಟಾವೆಂದು ಹುಂಜಗಳ ಕತ್ತು ಮುರಿದಿದ್ದರು. ತಂಡ ಅಲ್ಲಿಗೆ ತಲುಪಿದಾಗ ಮೂಖೋ ಅಜ್ಜಿ, ಜ್ವರದಲ್ಲಿ ಕಣ್ಣು ಮೇಲಾಗಿದ್ದ ಮೊಮ್ಮಗ ಕಪೋನನ್ನು ಬೆನ್ನಿಗೆ ಕಟ್ಟಿಕೊಂಡು ಸುಟ್ಟ ಊರಿಗೇ ಹೊರಟು ನಿಂತಿದ್ದಳು. ಆ ಹಾದಿಯಲ್ಲಿ ಸೈನಿಕರು ನೆಲಬಾಂಬು ಹೂತಿದ್ದರು. ಅದು ಅವಳಿಗೂ ಗೊತ್ತಿತ್ತು.

“ಇವನ ಜೀವ ಅಲ್ಲೇ ಬಿದ್ದಿದೆ. ಮನೆ ಏಣಿ ಅರ್ಧ ಉಳಿದಿದೆಯಂತೆ. ತಟ್ಟಿ ಕರ್ಕೊಂಡು ಬರ್ತೀನಿ.”

“ಅಜ್ಜಿ, ಕಾಲಿಟ್ರೆ ಇಬ್ರೂ ಹೋಗ್ತೀರಿ!” ಪಾದ್ರಿ ಅಡ್ಡ ನಿಂತ.

“ಇಲ್ಲಿದ್ರೆ ಇವನೊಬ್ನೇ ಹೋಗ್ತಾನೆ. ಆಚೆ ಸರಿ.”

ಥೀಮು ವಾದಕ್ಕಿಳಿಯಲಿಲ್ಲ. “ಹೋಗು ಅಜ್ಜಿ, ಒಂದು ಸೂಜಿ ಚುಚ್ಚಿಸ್ಕೊಂಡು ಹೋಗು,” ಎಂದು ಮಗುವನ್ನು ಇಳಿಸಿಕೊಂಡಳು. ಚುಚ್ಚಿ ಮುಗಿಸಿದವಳೇ ಯಾರದೋ ಮಚ್ಚು ಕೇಳಿ ಪಡೆದು, ಬಿದಿರು ಕಡಿದು, ಬಳ್ಳಿಯಿಂದ ಬಿಗಿದು, ಮಗು ಮಲಗಿದ್ದಲ್ಲಿನ ಮರಕ್ಕೆ ಒಂದು ಏಣಿ ಒರಗಿಸಿದಳು. ಮೇಲೆ ಮನೆಯಿಲ್ಲ, ಬರೀ ಕೊಂಬೆ.

ಅಜ್ಜಿ ಬಂದು ಮೆಟ್ಟಿಲು ಸವರಿ ನೋಡಿದಳು. “ಹಸಿ ಬಿದಿರು. ಇದು ಅವನು ಹತ್ತಿಳಿದ ಏಣೀನಾ? ಜೀವಕ್ಕೆ ಗುರುತು ಹೇಗೆ ಸಿಗುತ್ತೆ?”

“ಹಾಗಾದ್ರೆ ನೀನು ಹತ್ತಿಳಿ. ನಿನ್ನ ಕಾಲಿನ ಮಣ್ಣು ಅಂಟ್ಲಿ.”

ಅಜ್ಜಿ ಹತ್ತಿಳಿದಳು. ಕಪೋನ ತಾಯಿ ಹತ್ತಿಳಿದಳು. ಸುಟ್ಟ ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದರು. “ಮೆಲ್ಲಗೆ ಕಣೋ ದಡಿಯಾ, ಮುರಿದ್ರೆ ಎಲ್ಲರ ಜೀವಾನೂ ಕೆಳಗೇ,” ಎಂದು ಯಾರೋ ಅಂದಾಗ, ಎಷ್ಟೋ ದಿನಗಳ ಮೇಲೆ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕೊನೆಗೆ ಪಾದ್ರಿ ವೇಥೂ ಬೂಟು ಬಿಚ್ಚಿಟ್ಟು, ಯಾರ ಮುಖವನ್ನೂ ನೋಡದೆ, ಹತ್ತಿ ಇಳಿದ.

ಅಜ್ಜಿ ಒಂದು ಕೋಲೆತ್ತಿ ಅನುಮಾನಿಸಿದಳು. “ಗುಡ್ಡದ ಮೇಲೆ ಅವರಿದ್ದಾರೆ. ಕೂಗದೆ ಹೇಗೆ ಕರೆಯೋದು?”

“ಪಿಸುಗುಡು, ಸಾಕು. ಅದೂ ನಮ್ಮ ಹಾಗೆ ಇಲ್ಲೇ ಎಲ್ಲೋ ಅಡಗಿರುತ್ತೆ.”

ಬೆಳಗಿನ ಹೊತ್ತಿಗೆ ಕಪೋ ಬೆವೆತು, ಮಣಿಕಟ್ಟಿಗೆ ಅಜ್ಜಿ ಕಟ್ಟಿದ ನೂಲನ್ನು ಚೀಪುತ್ತ, ಗಂಜಿ ಕೇಳಿದ. ಸೂಜಿಯೋ ಏಣಿಯೋ ಎಂದು ಪಾದ್ರಿ ಕೂಡ ಕೇಳಲಿಲ್ಲ.

ಇಂಥವರನ್ನು ಔಷಧ ಹೊರುವವರೆಂದು ಕರೆದು ನಾವು ಸುಮ್ಮನಾಗುತ್ತೇವೆ. ಮನೆಯಿಂದ ಅಟ್ಟಿಸಿಕೊಂಡವರಿಗೆ ಹಿಂತಿರುಗಲು ಒಂದು ಮೆಟ್ಟಿಲು ಬೇಕೆಂಬುದು ಅವರಿಗೆ ಹೇಳದೆಯೇ ತಿಳಿಯುತ್ತದೆ. ಕಂಡ ಮರಕ್ಕೆ ಅದನ್ನು ಒರಗಿಸಿ ಮುಂದಿನ ಊರಿಗೆ ನಡೆಯುತ್ತಾರೆ. ತಮ್ಮ ಜೀವ ಯಾವ ಕಾಡಿನಲ್ಲಿ ಉಳಿಯಿತೆಂದು ಹುಡುಕಲು ಮಾತ್ರ ಅವರಿಗೆ ಪುರುಸೊತ್ತಾಗುವುದಿಲ್ಲ.

ಹೊರಡುವಾಗ ಅಜ್ಜಿ ಕೋಟಿನ ತೋಳು ಹಿಡಿದಳು. “ಊರೂರು ಅಲೀತೀಯಲ್ಲ ಮಗಳೇ, ನಿನ್ನ ಜೀವಾನ ಯಾರು ಕರೀತಾರೆ? ನಿನ್ನ ಮನೆ ಏಣಿ ಎಲ್ಲಿದೆ?”

“ಸಂಜೆ ಇನ್ನೊಂದು ಮಾತ್ರೆ ಕೊಡು ಅಜ್ಜಿ, ಅರ್ಧ—”

“ನಾನು ಕೇಳಿದ್ದೇನು, ನೀನು ಹೇಳ್ತಿರೋದೇನು?”

ಥೀಮು ಪಟ್ಟಿಯನ್ನು ಹಣೆಗೇರಿಸಿ ಆಗಲೇ ಹಳ್ಳಕ್ಕಿಳಿಯುತ್ತಿದ್ದಳು. ಅಜ್ಜಿ ಇನ್ನೂ ಏನೋ ಕೇಳುತ್ತಲೇ ಇದ್ದಳು. ಆಮೇಲೆ ಕೇಳುವುದನ್ನು ಬಿಟ್ಟು, ಕೋಲೆತ್ತಿಕೊಂಡು, ಮರಕ್ಕೆ ಒರಗಿದ್ದ ಏಣಿಯನ್ನು ಮೆಲ್ಲಗೆ ತಟ್ಟತೊಡಗಿದಳು.