ಹಿತ್ತಲ ಲಕ್ಕಿ ಸೊಪ್ಪು

“ಅರಿಶಿನ ಹಾಕಿದ್ಯಾ, ಅವ್ವ?” ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ ಶಿವರಂಜಿನಿಯ ಕೈ ಕೆಳಗಿಳಿಯಿತು.

“ಊಂ ಕಣಮ್ಮಿ. ಸೊಪ್ಪ ದೇವ್ರ ಮುಂದೆ ಮಡಗಿ, ಅರಿಸಿನದ ನೀರು ಉಯ್ದು, ಒಣಗ್ಸಿ ಪುಡಿ ಮಾಡಿ ಕಳ್ಸಿದ್ದು. ಔಸ್ದಿ ಸೊಪ್ಪಿಗೆ ನಿಮ್ಮಪ್ಪ ಮಾಡ್ತಿದ್ದುದ್ದೂ ಅಂಗೇಯ” ಎಂದಳು ರಾಚಮ್ಮ. ಮಗಳು ಸಂಶೋಧನೆ ಮಾಡುವ ಲ್ಯಾಬನ್ನು ನೋಡಲೆಂದು ಹರದನಹಳ್ಳಿಯಿಂದ ಚಾಮರಾಜನಗರಕ್ಕೆ ಬಂದಿದ್ದಳು.

ತಟ್ಟೆಯ ತುಂಬ ಮಸುಕಾಗಿ ಹರಡಿದ್ದುದು ಕೆಟ್ಟ ಊಟದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಲಕ್ಕಿ ಸೊಪ್ಪಿನ ಕಷಾಯಕ್ಕೆ ಸತುವಿನ ಲವಣ ಬೆರೆಸಿ, ಕಾಯಿಸಿ, ಸುಟ್ಟರೆ ಬಿಳಿ ಪುಡಿ ಬರುತ್ತದೆ. ಕಣ್ಣಿಗೆ ಸಿಗದಷ್ಟು ಸಣ್ಣ ಸತುವಿನ ಆಕ್ಸೈಡ್ ಕಣಗಳು. ಅದನ್ನು ಹಾಕಿದ ಕಡೆ ಮಾತ್ರ ದುಂಡಗೆ ತಿಳಿಯಾಗಿತ್ತು. ಅಪ್ಪ ಮಹದೇವಯ್ಯ ಬೀಗರೂಟ ಉಂಡು ಬಂದು, ವಾಂತಿಭೇದಿ ಹತ್ತಿ, ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟದ್ದು ಇಂಥ ಬ್ಯಾಕ್ಟೀರಿಯಾದಿಂದಲೇ. ಹಿತ್ತಲಲ್ಲಿ ಅವನು ನೆಟ್ಟ ಲಕ್ಕಿ ಗಿಡವೇ ಇದನ್ನು ಕೊಲ್ಲಬೇಕೆಂಬುದು ಮಗಳ ಹಟ.

ಗೈಡ್ ಸುಧಾಕರ್ ತಲೆ ಕೆರೆದುಕೊಂಡರು. “ಕೊಂದಿದ್ದು ಲಕ್ಕಿನೋ ಅರಿಶಿನನೋ, ಹೆಂಗಮ್ಮ ಹೇಳೋದು? ಮತ್ತೆ ಮಾಡ್ಬೇಕು.”

“ಅರಿಸಿನನೂ ದೇವ್ರದ್ದೇ ಅಲ್ವಾ, ಸಾ?”

“ದೇವರದ್ದೇ ತಾಯಿ. ನಮ್ಮ ಲೆಕ್ಕಕ್ಕೆ ಬರಲ್ಲ, ಅಷ್ಟೆ.”

ಊರಲ್ಲಿ, ಇದ್ದ ಸೊಪ್ಪೆಲ್ಲ ಕಿತ್ತು ಹಿತ್ತಲ ಗಿಡ ಬೋಳಾಗಿತ್ತು. ಚಿಗುರು ಬಲಿಯುವ ತನಕ ಕಾಯಬೇಕು. ರಾಚಮ್ಮ ಬೆಳಿಗ್ಗೆ ಎದ್ದು, ಗಂಡ ಹೇಳುತ್ತಿದ್ದ ಮಾದಪ್ಪನ ಪದ ಗುನುಗುತ್ತ ಬುಡಕ್ಕೆ ನೀರು ಹಾಕುವಳು. ನಡುವೆ ಒಂದು ಸಾಲು ಮರೆತುಹೋಗಿತ್ತು. ಅಲ್ಲಿ ಬಂದು ನಿಲ್ಲುವಳು, ಗಿಡವೇ ಎತ್ತಿಕೊಡುವುದೇನೋ ಎಂಬಂತೆ ಕಾಯುವಳು. ಮತ್ತೆ ಮೊದಲಿನಿಂದ.

ಸೊಪ್ಪು ಕೀಳಲು ಈ ಸಲ ಶಿವರಂಜಿನಿಯೇ ಊರಿಗೆ ಬಂದಳು. ಅವ್ವ ಮುಷ್ಟಿ ಬಿಗಿಹಿಡಿದು ಗಿಡದ ಪಕ್ಕ ನಿಂತಿದ್ದಳು. ಬೆರಳ ಸಂದಿಯಿಂದ ಹಳದಿ ಇಣುಕುತ್ತಿತ್ತು.

“ಅವ್ವಾ...”

“ಗೊತ್ತು ಬುಡು, ಕೈ ತಂತಾನೇ ತಂದ್ಬುಡ್ತು.” ಹೋಗಿ ಹೊಸ್ತಿಲಿಗೆ ಬಳಿದು, ಕೈ ತೊಳೆದು ಬಂದಳು. “ಕೈನಾರ ಮುಗಿಬೋದಾ? ಇಲ್ಲ ಅದೂ ನಿಮ್ ಲೆಕ್ಕ ಕೆಡುಸ್ತದಾ?”

“ಮುಗಿಯವ್ವ” ಎಂದಳು ಮಗಳು. ತಾನೂ ಮುಗಿದಳು.

ಮುಂದಿನ ವಾರ ರಾಚಮ್ಮ ಮತ್ತೆ ಲ್ಯಾಬಿಗೆ ಬಂದಳು. ಹೊಸ ತಟ್ಟೆಯ ವೃತ್ತ ಮೊದಲಿನದಕ್ಕಿಂತ ಚಿಕ್ಕದು. ಆದರೂ ತಿಳಿಯಾಗಿತ್ತು.

“ಈ ದುಂಡೊಳಗೆ ಒಂದು ಹುಳಾನೂ ಇಲ್ವಾ?”

“ಇಲ್ಲ ಕಣವ್ವ. ಬರೀ ಸೊಪ್ಪಿಂದೇ ಇದು.”

“ಆವತ್ತು ನಿಮ್ಮಪ್ಪನ ವಟ್ಟೇಲಿ ಇಷ್ಟಗಲ ತಿಳಿಯಾಗಿದ್ದಿದ್ರೆ...”

ಮುಚ್ಚಿದ ತಟ್ಟೆಯ ಮೇಲೆ, ಗಾಜಿಗೆ ತಾಗದಂತೆ, ಅವಳ ಬೆರಳು ಆ ವೃತ್ತವನ್ನು ಸುತ್ತತೊಡಗಿತು. ಬಾಯಲ್ಲಿ ಪದ ಬಂತು, ಮೆಲ್ಲಗೆ. ಮರೆತ ಸಾಲಿನ ಹತ್ತಿರ ನಿಂತಿತು. ಬೆರಳು ಸುತ್ತುತ್ತಲೇ ಇತ್ತು.