ಮಲ್ಲಿಗೆಗೆ ಕದ್ದು ನೀರು ಹಾಕಿದ ಝಾರಿ

ನಾನು ಒಂದು ತಗಡಿನ ಝಾರಿ. ಗಿಡಗಳಿಗೆ ನೀರು ಹಾಕುವುದೇ ನನ್ನ ಕಸುಬು. ಹುಟ್ಟಿದ್ದು ಧಾರವಾಡದ ಪೇಟೆಯಲ್ಲಿ, ತಗಡು ಕೆಲಸದ ಮಕ್ತುಂಸಾಬರ ಕೈಯಲ್ಲಿ. ಅವರು ಖಾಲಿ ಎಣ್ಣೆ ಡಬ್ಬಿಯೊಂದನ್ನು ಕತ್ತರಿಸಿ, ಬೆಸುಗೆ ಹಾಕಿ, ಮೂತಿಗೆ ಮೊಳೆಯಿಂದ ತೂತು ಹೊಡೆದು ನನ್ನನ್ನು ಮಾಡಿದರು. ಹೊಟ್ಟೆಯ ಮೇಲೆ ಶೇಂಗಾ ಕಾಯಿಯ ಚಿತ್ರ ಹಾಗೇ ಉಳಿದಿತ್ತು. ಅದರಿಂದ ನನಗೆ ಕೊಂಚ ಜಂಬವೂ ಬಂದಿತ್ತು.

ಮೊದಲು ಕೊಂಡವರು ಹೂವಿನ ಸಸಿ ಮಾರುವ ಬಸಲಿಂಗಪ್ಪ. ಆರು ವರ್ಷ ಅವರಲ್ಲಿ ದುಡಿದೆ. ಮೈಯಲ್ಲಿ ಕಸುವಿಲ್ಲವೆಂದು ವ್ಯಾಪಾರ ಬಿಟ್ಟಾಗ ಅವರು ನನ್ನನ್ನು ಅದೇ ಓಣಿಯ ನೀಲಕ್ಕನಿಗೆ ಕೊಟ್ಟರು. ಜೊತೆಗೆ ಮಲ್ಲಿಗೆಯ ಗುಟ್ಟನ್ನೂ ಹೇಳಿಕೊಟ್ಟರು. ಪುಷ್ಯ ಮಾಸ ಪೂರ್ತಿ ಗಿಡಕ್ಕೆ ಒಂದು ಹನಿ ನೀರು ಕೂಡದು. ಅದು ಸೊರಗಿ ಎಲೆ ಉದುರಿಸಬೇಕು. ಮಾಘದಲ್ಲಿ ಕೊಂಬೆ ಕತ್ತರಿಸಿ ನೀರು ಬಿಟ್ಟರೆ ಚೈತ್ರಕ್ಕೆ ಮೊಗ್ಗು.

ನೀಲಕ್ಕ ಮನೆಯಲ್ಲೇ ರವಿಕೆ ಹೊಲಿಯುವವಳು. ಗಂಡ ಲಾರಿ ಓಡಿಸುತ್ತ ಊರೂರು ತಿರುಗುತ್ತಿದ್ದ. ಮನೆಯಲ್ಲಿ ಅವಳು, ಮಾವ ರುದ್ರಗೌಡರು, ಹಿತ್ತಿಲಲ್ಲಿ ಮೂರು ಮಲ್ಲಿಗೆ ಗಿಡ. ತೀರಿಹೋದ ಅವ್ವನ ಅಂಗಳದಿಂದ ಕೊಂಬೆ ತಂದು ನೆಟ್ಟ ಗಿಡಗಳವು. ಆ ವರ್ಷ ತಂಗಿ ಕಾಶವ್ವ ಬಸುರಿ. ಉಗಾದಿ ಮುಗಿದ ಐದನೇ ದಿನ ಅವಳ ಕುಬಸ, ಅಂದರೆ ಸೀಮಂತ. ಅವ್ವನಿಲ್ಲದ ತಂಗಿಗೆ ಅವ್ವನ ಮಲ್ಲಿಗೆಯಿಂದಲೇ ಮೊಗ್ಗಿನ ಜಡೆ ಹೆಣೆಯುತ್ತೇನೆಂದು ನೀಲಕ್ಕ ಮಾತು ಕೊಟ್ಟುಬಿಟ್ಟಿದ್ದಳು.

ಪುಷ್ಯ ಬಂತು. ನೀಲಕ್ಕ ನನ್ನನ್ನು ಬೋರಲು ಹಾಕಿ, ಗಿಡದ ಹತ್ತಿರ ಸುಳಿಯಬಾರದೆಂದು ಮಾವನಿಗೆ ಖಡಕ್ಕಾಗಿ ಹೇಳಿದಳು. ಗೌಡರು ತಲೆಯಾಡಿಸಿದರು. ವಾರ ಕಳೆಯುವಷ್ಟರಲ್ಲಿ ಎಲೆಗಳು ಜೋತುಬಿದ್ದವು. ಮುದುಕರ ಕರುಳು ಚುರುಕ್ ಎಂದಿತು. ಸೊಸೆ ಅಡುಗೆಮನೆ ಸೇರಿದ ಸಂಜೆ ಹೊತ್ತಿಗೆ ನನ್ನನ್ನು ತುಂಬಿಸಿ, ಸದ್ದಾಗದಂತೆ ಬುಡಕ್ಕೆ ಬಗ್ಗಿಸಿದರು. ದಿನವೂ ಇದೇ ಆಯಿತು. ಕಳ್ಳತನದಲ್ಲಿ ನಾನೂ ಪಾಲುದಾರ. ಬಾಯಿಯಿಲ್ಲದವನು ಏನು ಮಾಡಲಿ?

ಮಾಘದಲ್ಲಿ ಕೊಂಬೆ ಕತ್ತರಿಸಿದರು. ಚಿಗುರು ದಂಡಿಯಾಗಿ ಬಂತು. ನೀಲಕ್ಕ ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಗಿಡದ ಮುಂದೆ ನಿಲ್ಲುತ್ತಿದ್ದಳು. ಬೇವು ಹೂಬಿಟ್ಟಿತು, ಕೋಗಿಲೆ ಕೂಗಿತು, ಉಗಾದಿಯೂ ಬಂತು. ಮೂರು ಗಿಡದಲ್ಲಿ ಬರೀ ಎಲೆ.

ಅಂದು ಗೌಡರು ಬೇವು-ಬೆಲ್ಲದ ಬಟ್ಟಲು ಮುಟ್ಟಲಿಲ್ಲ. ಹಿತ್ತಿಲಿಗೆ ಬಂದು ಸೊಸೆಯ ಪಕ್ಕ ನಿಂತರು.

"ತಪ್ಪು ನಂದವ್ವಾ. ಪುಷ್ಯದಾಗ ದಿನಾ ಸಂಜೀಕ ನೀರು ಹಾಕೀನಿ. ಅವು ಒಣಗೂದು ನೋಡೂದಾಗಲಿಲ್ಲ."

ನೀಲಕ್ಕ ಬಾಯಿ ಬಿಡದೇ ಇದ್ದಿದ್ದರೆ ಅಪವಾದವೆಲ್ಲ ಮುದುಕರ ತಲೆಗೇ ಉಳಿಯುತ್ತಿತ್ತು. ನಿಜ ಬಲ್ಲವನು ನಾನೊಬ್ಬನೇ.

"ನಾನೂ ಹಾಕೀನ್ರಿ ಮಾವಾರ," ಎಂದಳು. "ದಿನಾ ಮಧ್ಯಾಹ್ನ, ನೀವು ಮಲಗಿದ ಮ್ಯಾಲೆ."

ಗೌಡರು ಅವಳ ಮುಖವನ್ನೇ ನೋಡಿದರು. ಆಮೇಲೆ ಇಬ್ಬರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

ಕುಬಸದ ದಿನ ಎಲೆ ಎಲೆ ಸರಿಸಿ ಹುಡುಕಿದಾಗ ಎಂಟು ಮೊಗ್ಗು ಸಿಕ್ಕವು. ಜಡೆಗೆ ಪೇಟೆಯಿಂದ ಅಬ್ಬಲಿಗೆ ಹೂ ತಂದರು. ಎಂಟು ಮೊಗ್ಗನ್ನು ನೀಲಕ್ಕ ತಂಗಿಯ ಕಿವಿಯ ಹಿಂದೆ ಸಿಕ್ಕಿಸಿ, ಮಾತು ಉಳಿಸಿಕೊಳ್ಳಲಾಗಲಿಲ್ಲವೆಂದು ತಲೆ ತಗ್ಗಿಸಿದಳು. ಕಾಶವ್ವ ಒಂದು ಗಳಿಗೆ ಕಣ್ಣು ಮುಚ್ಚಿ ಕೂತಳು.

"ಅಕ್ಕಾ, ಅವ್ವ ಬಂದು ಹಿಂದ ನಿಂತ್ಹಾಂಗ ಆತು."

ಅದೆಲ್ಲ ಆಗಿ ಒಂಬತ್ತು ವರ್ಷ. ಈಗ ನನ್ನ ತಳ ತೂತಾಗಿದೆ. ನೀಲಿ ಪ್ಲಾಸ್ಟಿಕ್ ಝಾರಿಯೊಂದು ಮನೆಗೆ ಬಂದಿದೆ. ನಾನು ಬಚ್ಚಲ ಗೋಡೆಯ ಪಕ್ಕ ನೆಮ್ಮದಿಯಾಗಿದ್ದೇನೆ. ಆದರೆ ಪುಷ್ಯ ಬಂದ ಕೂಡಲೇ ಮಾವ, ಸೊಸೆ ಇಬ್ಬರೂ ಕೂಡಿ ಬಂದು, ಹೊಸದರ ಜೊತೆ ನನ್ನನ್ನೂ ಎತ್ತಿ ಪಕ್ಕದ ಮನೆಯಲ್ಲಿ ಒಂದು ತಿಂಗಳು ಬಿಟ್ಟು ಬರುತ್ತಾರೆ. ತೂತಾದ ಝಾರಿಯೆಂದು ನನ್ನನ್ನೂ ಬಿಡುವುದಿಲ್ಲ. ತಮ್ಮ ಕರುಳು ಎಂಥದೆಂದು ಅವರಿಗೆ ಗೊತ್ತು.