ಮೋತ್ಯಾನ ಪಥ್ಯ

ನಾಯಿ ಮೈ ಕೆರೆದುಕೊಳ್ಳುವ ಸದ್ದು ಬಂದುಹೋಗುವವರಿಗೆ ಏನೂ ಅನ್ನಿಸಲಿಕ್ಕಿಲ್ಲ. ಆದರೆ ಬೈರಿದೇವರಕೊಪ್ಪದ ಆ ಮನೆಯಲ್ಲಿ ಇರುವುದು ವಾಣಿಶ್ರೀ ಒಬ್ಬಳು, ಮೋತ್ಯಾ ಒಂದು. ಮಕ್ಕಳಿಲ್ಲ, ಟೀವಿ ಹಚ್ಚುವ ಮನಸ್ಸಿಲ್ಲ. ಅಂಥ ಮನೆಯಲ್ಲಿ ನಾಯಿಯೊಂದು ಬೆಳಗಿನಿಂದ ಕಿವಿ ಕೆರೆಯುತ್ತ, ಪಾದ ಕಚ್ಚಿಕೊಳ್ಳುತ್ತ, ಗೋಡೆಗೆ ಬೆನ್ನು ಉಜ್ಜುತ್ತ ಇದ್ದರೆ ಆ ಸದ್ದು ತಲೆಯೊಳಗೆ ಹೊಕ್ಕು ಮನೆ ಮಾಡುತ್ತದೆ. ಈಚೀಚೆಗೆ ವಾಣಿಶ್ರೀಗೆ ತನ್ನ ಮೈಯೇ ತುರಿಸಿದಂತಾಗುತ್ತಿತ್ತು.

ಮೋತ್ಯಾ ಅವಳ ಗಂಡ ಮಹಾಂತಯ್ಯನವರ ನಾಯಿ. ಅಮರಗೋಳದ ಮಾರುಕಟ್ಟೆಯಲ್ಲಿ ಅವರದು ಕಾಳಿನ ವ್ಯಾಪಾರ. ಅಲ್ಲೇ ಚೀಲಗಳ ಸಂದಿಯಲ್ಲಿ ಸಿಕ್ಕ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದರು. ಅವರದು ಜಂಗಮರ ಮನೆ. ಹಿಂದಿನ ಮನೆಯವರು ಮೀನು ಹುರಿದರೆ ಸಾಕು, ಮಹಾಂತಯ್ಯನವರು ಧಡಾರನೆ ಕಿಟಕಿ ಮುಚ್ಚಿ ಊದಿನಕಡ್ಡಿ ಹಚ್ಚುವವರು. ಹಾಗಾಗಿ ನಾಯಿಗೂ ಅದೇ ಮಡಿ: ರೊಟ್ಟಿ, ಹಾಲು, ಮೊಸರನ್ನ. ತತ್ತಿಯ ರುಚಿ ಹೇಗಿರುತ್ತದೆಂದು ಪಾಪ ಆ ಪ್ರಾಣಿಗೆ ಗೊತ್ತಿರಲಿಲ್ಲ.

ಮಹಾಂತಯ್ಯನವರು ಲಿಂಗೈಕ್ಯರಾಗಿ ವರ್ಷದ ಮೇಲಾಯಿತು. ಅಂಗಡಿಯಲ್ಲಿ ಕೂತವರು ಕೂತಲ್ಲೇ ಹೋದರು. ಪ್ರತಿ ಸೋಮವಾರ ಬೆಳಿಗ್ಗೆ ಏನೂ ತಿನ್ನದೆ, ಮಧ್ಯಾಹ್ನ ಗೋದಿ ಹುಗ್ಗಿ ಉಂಡು ಒಪ್ಪತ್ತು ಮುಗಿಸುವುದು ಅವರ ರೂಢಿ. ಅವರು ಹೋದ ಮೇಲೂ ವಾಣಿಶ್ರೀ ಸೋಮವಾರದ ಹುಗ್ಗಿ ಬಿಡಲಿಲ್ಲ. ಮೇಲೆ ಹಾಲು, ತುಪ್ಪ ಸುರಿದು, ಅವರ ಕೋಣೆಯಲ್ಲಿ ಫೋಟೋದ ಮುಂದೆ ಅವರು ಕೂಡುತ್ತಿದ್ದ ಮಣೆ ಹಾಕಿ, ಅವರದೇ ತಾಟಿನಲ್ಲಿ ಎಡೆ ಇಟ್ಟು, ಬಾಗಿಲಿಗೆ ಕೀಲಿ ಹಾಕಿ ಬರುತ್ತಿದ್ದಳು.

ಊಟ ಮುಗಿಸಿ, ಪಾತ್ರೆ ತೊಳೆದು ಹೋಗಿ ನೋಡಿದರೆ ತಾಟು ಖಾಲಿ.

ಮೊದಲ ಸಲ ಇಲಿ ಇರಬೇಕೆಂದು ಕೋಣೆಯನ್ನೆಲ್ಲ ಜಾಲಾಡಿದಳು. ಇಲಿಯೂ ಇಲ್ಲ, ಬಿಲವೂ ಇಲ್ಲ. ಹಿತ್ತಲ ಕಡೆಯ ಕಿಟಕಿ ತೆರೆದಿತ್ತು, ಖರೆ. ಆದರೆ ಸರಳುಗಳು ಒತ್ತೊತ್ತಾಗಿದ್ದವು, ಬೆಕ್ಕಿನ ಮರಿಯೂ ನುಸುಳುವ ಹಾಗಿರಲಿಲ್ಲ. ಮೇಲಾಗಿ ತಾಟಿನ ಅಂಚಿಗೆ ಬೆರಳಿನಿಂದ ಬಳಿದ ಗೆರೆ ಇತ್ತು. ಹುಗ್ಗಿ ಉಂಡಾದ ಮೇಲೆ ತೋರುಬೆರಳಿನಿಂದ ತಾಟನ್ನು ಸುತ್ತಲೂ ಬಳಿಯುತ್ತಿದ್ದವರು ಆ ಮನೆಯಲ್ಲಿ ಒಬ್ಬರೇ. ವಾಣಿಶ್ರೀಗೆ ಮೈ ಝುಮ್ಮೆಂದಿತು. ಆಮೇಲೆ ಮಣೆಯ ಪಕ್ಕ ಕೂತು ಮನಸಾರೆ ಅತ್ತಳು. ಅದು ದುಃಖದ ಅಳುವಲ್ಲ.

ಈ ಸಂಗತಿ ಅವಳು ಹೇಳಿದ್ದು ಗರಗದಲ್ಲಿದ್ದ ಗಂಡನ ಅಕ್ಕ ಬಾಳವ್ವನಿಗೆ ಮಾತ್ರ. ಬಾಳವ್ವ ಫೋನಿನಲ್ಲಿ ಅಂದಳು, "ಉಣ್ಣಾಕ ಬರಾಕತ್ತಾನ ಅಂದ್ರ ಬರಲಿ ಬಿಡು. ಒಳಗ ಹಣಿಕಿ ಹಾಕಬ್ಯಾಡ. ಯಾರ ಮುಂದೂ ಹೇಳಬ್ಯಾಡ."

ಮೋತ್ಯಾನ ತುರಿಕೆ ಶುರುವಾದದ್ದು ಆ ದಿನಗಳಲ್ಲೇ. ಮೊದಲು ಪಾದ ಕೆಂಪಾದವು, ಆಮೇಲೆ ಕಿವಿ, ಆಮೇಲೆ ಹೊಟ್ಟೆ. ಕೂದಲು ಉದುರಿ ಚರ್ಮ ಕಪ್ಪಗೆ ದಪ್ಪಗಾಯಿತು. ಹತ್ತಿರ ಹೋದರೆ ಹುಳಿ ವಾಸನೆ. ಬೇವಿನ ಎಲೆ ಅರೆದು ಹಚ್ಚಿದ್ದಾಯಿತು, ಗಂಧಕದ ಮುಲಾಮು ಆಯಿತು. ಯಾರೋ ಪುಣ್ಯಾತ್ಮರು ಹೇಳಿದರೆಂದು ಗ್ಯಾರೇಜಿನ ಸುಟ್ಟ ಆಯಿಲ್ ಸವರಿದಳು. ನಾಯಿ ಅದನ್ನು ನೆಕ್ಕಿ ದಿನವಿಡೀ ವಾಂತಿ ಮಾಡಿತು. ಒಬ್ಬ ಡಾಕ್ಟರು ಸೂಜಿ ಹಾಕಿದಾಗ ಒಂದಷ್ಟು ದಿನ ಬಂಗಾರದಂತಿದ್ದು, ಮತ್ತೆ ಮೊದಲಿಗಿಂತ ಹೆಚ್ಚಾಯಿತು. ರಸ್ತೆಗೆ ಕರೆದೊಯ್ದರೆ ಜನ ಮೂಗು ಮುಚ್ಚಿಕೊಂಡು ಸರಿಯುತ್ತಿದ್ದರು. ಒಂದು ದಿನ ಮೋತ್ಯಾ ತನ್ನ ಪಾದವನ್ನೇ ರಕ್ತ ಬರುವಂತೆ ಕಚ್ಚಿಕೊಂಡಾಗ ವಾಣಿಶ್ರೀ ಆಟೋ ಮಾಡಿಕೊಂಡು ಡಾಕ್ಟರ್ ಫರಹತರ ದವಾಖಾನೆಗೆ ಹೋದಳು.

ಡಾಕ್ಟರ್ ಬ್ಲೇಡಿನಿಂದ ಚರ್ಮ ಕೆರೆದು ಗಾಜಿನ ಮೇಲೆ ಇಟ್ಟು ನೋಡಿದರು. ಕಿವಿಯೊಳಗೆ ಹತ್ತಿ ಹಾಕಿ ತೆಗೆದರು. ಮೋತ್ಯಾ ಏನು ತಿನ್ನುತ್ತದೆಂದು ಬಿಡಿಸಿ ಬಿಡಿಸಿ ಕೇಳಿದರು.

"ಹುಳ ಏನೂ ಸಿಗಲಿಲ್ರಿ ಅಕ್ಕಾರ. ಇದು ಅಲರ್ಜಿ. ತಿನ್ನೋದರಿಂದ ಆಗಿರಬೇಕು ಅನಸ್ತೈತಿ. ಸೂಜಿ ಹಾಕಿದರ ತುರಿಕಿ ಅಡಗತೈತಿ ಅಷ್ಟ, ಬ್ಯಾನಿ ಹೋಗಂಗಿಲ್ಲ. ಯಾವುದು ಆಗಿಬರವಲ್ದು ಅನ್ನೋದು ಮೊದಲ ಹುಡುಕೂಣು."

"ಹೆಂಗ ಹುಡುಕತೀರಿ ಡಾಕ್ಟರ್ ಬಾಯಾರ?"

"ಪಥ್ಯದಿಂದ," ಎಂದು ಡಾಕ್ಟರ್ ನಾಯಿ ತಿನಿಸಿನ ಚೀಲವೊಂದನ್ನು ಮುಂದಿಟ್ಟರು. "ಎರಡು ತಿಂಗಳು ಈ ಚೀಲದಾಗಿನ ಕಾಳು, ನೀರು. ಮತ್ತೇನೂ ಇಲ್ಲ. ಒಂದು ಬಿಸ್ಕೀಟ ಸೈತ ಹಾಕಬ್ಯಾಡ್ರಿ. ಒಂದು ತುತ್ತು ತಪ್ಪಿದರೂ ಎಲ್ಲಾ ಮೊದಲಿಂದ ಮಾಡಬೇಕು."

ವಾಣಿಶ್ರೀ ಚೀಲವನ್ನು ತಿರುಗಿಸಿ ನೋಡಿದಳು. "ಇದರಾಗ ಏನಿರತೈತ್ರಿ?"

ಡಾಕ್ಟರರ ಕಣ್ಣು ಅವಳ ಕೊರಳಿನ ಲಿಂಗದ ಕಡೆ ಹೋಗಿಬಂತು. "ಕೋಳೀದು ಇರತೈತ್ರಿ. ಮೈಗೆ ಗುರ್ತ ಸಿಗದಂಗ ಸಣ್ಣಗ ಒಡದಿರತಾರ, ಅದಕ್ಕ ಅಲರ್ಜಿ ಆಗಂಗಿಲ್ಲ. ಹಾಲು, ಗೋದಿ, ಬ್ಯಾಳಿ ಎಲ್ಲಾ ಇದು ತಿಂದುಬಿಟ್ಟೈತಿ, ಹಿಂಗಾಗಿ ನಮಗ ಬ್ಯಾರೆ ದಾರಿ ಇಲ್ಲ. ಮನ್ಯಾಗ ನಡೀಲಿಲ್ಲ ಅಂದ್ರ ಹೇಳ್ರಿ. ಆದರ ಹಿಂಗ ಬಿಟ್ಟರ ಕಿವಿ ಪೂರಾ ಹೋಗತಾವು. ಜೀವ ಇರೋತನ ಗುಳಿಗಿ ನುಂಗಿಸಿದರ ಲಿವರಿಗೆ ಛಲೋ ಅಲ್ಲ."

ಮೋತ್ಯಾ ಮೇಜಿನ ಮೇಲೆ ನಿಂತು ಅವಳ ತೋಳಿನ ಸಂದಿಯಲ್ಲಿ ಮುಖ ಹುದುಗಿಸಿತ್ತು. ಈ ನಾಯಿ ಹೋದರೆ ತಾನು ಯಾರ ಹೆಸರು ಹಿಡಿದು ಕರೆಯಬೇಕು ಅನ್ನಿಸಿತು ವಾಣಿಶ್ರೀಗೆ. ಚೀಲ ತೆಗೆದುಕೊಂಡಳು.

ಮನೆಯೊಳಗೆ ಮಾತ್ರ ಒಯ್ಯಲಿಲ್ಲ. ಹೊರಗೆ ಸ್ಕೂಟರ್ ನಿಲ್ಲಿಸುವ ತಗಡಿನ ಕೆಳಗೆ ಡಬ್ಬಿಯಲ್ಲಿಟ್ಟಳು. ಹಿತ್ತಲಲ್ಲೇ ಬೇರೆ ಬೋಗುಣಿಯಲ್ಲಿ ಹಾಕಿ, ಕೈ ತೊಳೆದು, ಸಮಾಧಾನವಾಗದೆ ಮತ್ತೆ ತೊಳೆದು, ಕೊನೆಗೆ ಸ್ನಾನವನ್ನೇ ಮಾಡಿಬಿಡುತ್ತಿದ್ದಳು. ವಾರಕ್ಕೊಮ್ಮೆ ಔಷಧದ ಶಾಂಪೂ ಹಚ್ಚಿ, ನೊರೆ ಮೈಗೆ ಹಿಡಿಯಲೆಂದು ನಾಯಿಯನ್ನು ತಬ್ಬಿ ಕೂಡುತ್ತಿದ್ದಳು. ಮೋತ್ಯಾಗಂತೂ ಹಬ್ಬ. ಹುಟ್ಟಿದಾಗಿನಿಂದ ಮೊಸರನ್ನ ಉಂಡ ನಾಯಿ ಬೋಗುಣಿಯನ್ನು ಫಳಫಳ ಹೊಳೆಯುವಂತೆ ನೆಕ್ಕಿಡುತ್ತಿತ್ತು.

ಗುಣ ಕಾಣಿಸಿತು. ಪಾದದ ಕೆಂಪು ಇಳಿಯಿತು, ಹುಳಿ ವಾಸನೆ ಹೋಯಿತು. ಮಂಗಳವಾರ ಬಂತು, ಮತ್ತೆ ಕೆರೆತ. ವಾರದ ಕೊನೆಗೆ ತುಸು ಇಳಿಯುವುದು. ಮಂಗಳವಾರ ನಸುಕಿನಲ್ಲೇ ಮತ್ತೆ ಕಿವಿ ಕೆಂಡದಂತೆ ಬಿಸಿ. ಪ್ರತಿ ವಾರವೂ ಇದೇ ಆಟ. ಡಾಕ್ಟರ್ ಬಳಿ ಹೋಗಿ ಹೇಳಿದಳು.

"ಯಾರೋ ಏನೋ ತಿನಸಾಕತ್ತಾರ್ರಿ ಅಕ್ಕಾರ."

"ಯಾರು ತಿನಸ್ತಾರ್ರಿ? ಇರಾಕಿ ನಾ ಒಬ್ಬಾಕಿ. ಕಂಪೌಂಡಿಗೆ ಕೀಲಿ ಹಾಕಿರತೇನಿ." ವಾಣಿಶ್ರೀಗೆ ಸಿಟ್ಟೇ ಬಂತು.

"ಸಿಟ್ಟಾಗಬ್ಯಾಡ್ರಿ. ಸೋಮವಾರ ಮನ್ಯಾಗ ಏನು ಅಡಿಗಿ?"

"ಹುಗ್ಗಿ," ಅಂದಳು. ಅಂದದ್ದೇ ಅವಳಿಗೆ ಎಡೆಯ ನೆನಪಾಯಿತು. "ಯಜಮಾನರಿಗೆ ಎಡಿ ಇಡತೇನ್ರಿ. ಆದರ ಕೋಣಿಗೆ ಕೀಲಿ ಹಾಕಿರತೈತಿ. ನಾಯಿ ಒಳಗ ಹೋಗಾಕ ಸಾಧ್ಯ ಇಲ್ಲ."

ಡಾಕ್ಟರ್ ಮೋತ್ಯಾನ ಗದ್ದದ ಕೂದಲಿಗೆ ಅಂಟಿದ್ದ ಏನನ್ನೋ ಉಗುರಿನಿಂದ ಬಿಡಿಸಿ ಅವಳಿಗೆ ತೋರಿಸಿದರು. ಬೆಲ್ಲದಲ್ಲಿ ಬೆಂದು ಒಣಗಿದ ಅರ್ಧ ಗೋದಿ ಕಾಳು. "ಈ ಸೋಮವಾರ ನಾಯಿ ಮ್ಯಾಲೆ ಕಣ್ಣಿಡ್ರಿ," ಅಂದರು.

ಸೋಮವಾರ ಎಡೆ ಇಟ್ಟು, ಕೀಲಿ ಹಾಕಿ, ಕೀಲಿಕೈ ಸೆರಗಿಗೆ ಗಂಟು ಹಾಕಿಕೊಂಡು ಹಿತ್ತಲ ಬಾಗಿಲಲ್ಲಿ ಕೂತಳು. ರಣ ಬಿಸಿಲು. ಮುಖ್ಯ ರಸ್ತೆಯ ಮೇಲೆ ಚಿಗರಿ ಬಸ್ಸು ಹೋದ ಸದ್ದು. ಪೇರಲ ಗಿಡದ ಕೆಳಗೆ ಮಲಗಿದ್ದ ಮೋತ್ಯಾ ಎದ್ದು, ಮೈ ಮುರಿದು, ಕೋಣೆಯ ಕಿಟಕಿಯ ಕೆಳಗೆ ಬಂದು ನೆಟ್ಟಗೆ ಕೂತಿತು. ಯಾರೋ ಕರೆದರೆ ಬರುವ ಹಾಗೆ ಬಂತು. ಕಿವಿ ಹಿಂದಕ್ಕೆ ಹಾಕಿ, ಕತ್ತೆತ್ತಿ, ಬಾಲ ಬಡಿಯುತ್ತ ಕಾಯಿತು. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಮೋತ್ಯಾ ಮೆಲ್ಲಗೆ ಬಾಯಿ ತೆರೆಯಿತು. ಕೊಡುವವರ ಬೆರಳಿಗೆ ಹಲ್ಲು ತಾಗಬಾರದೆಂದು ಜೋಪಾನವಾಗಿ ಮುಚ್ಚಿತು. ಅಗಿಯಿತು, ನುಂಗಿತು. ಮತ್ತೆ ಕತ್ತೆತ್ತಿತು. ಅದರ ಬಾಯಂಚಿನಿಂದ ಹಾಲು ಜಿನುಗಿ ಕಲ್ಲಿನ ಮೇಲೆ ತೊಟ್ಟಿಕ್ಕುವುದನ್ನು ವಾಣಿಶ್ರೀ ಹಾಡಹಗಲಲ್ಲಿ, ಎಚ್ಚರಿದ್ದ ಕಣ್ಣಿನಿಂದ ನೋಡಿದಳು.

ಹೆದರಿಕೆ ಇಳಿದ ಮೇಲೆ ಬಂದದ್ದು ಸಿಟ್ಟು. ಅಂದರೆ ಇಷ್ಟು ದಿನ ಅವರು ಉಣ್ಣಲು ಬಂದದ್ದಲ್ಲ! ಬದುಕಿದ್ದಾಗಲೂ ಹೀಗೇ, ತನ್ನ ಕಣ್ಣು ತಪ್ಪಿಸಿ ಅರ್ಧ ಹುಗ್ಗಿ ಈ ನಾಯಿಗೆ ಇದೇ ಕಿಟಕಿಯಿಂದ ಹೋಗುತ್ತಿದ್ದಿರಬೇಕು, ಅವಳಿಗೆ ಈಗ ಹೊಳೆಯಿತು. ಸಂಸಾರ ಮಾಡಿದ ಇಷ್ಟು ವರ್ಷಗಳಲ್ಲಿ ಒಂದು ದಿನ, ಒಂದೇ ದಿನ, ಇಗೋ ವಾಣಿ ಎಂದು ಅವಳಿಗೆ ಒಂದು ತುತ್ತು ಕೊಟ್ಟವರಲ್ಲ. ಅವರು ಉಂಡೆದ್ದ ಮೇಲೆ ಉಳಿದದ್ದನ್ನು ಅವಳು ಅಡಿಗೆಮನೆಯಲ್ಲಿ ಕೂತು ಉಣ್ಣುತ್ತಿದ್ದಳು. ಸತ್ತ ಮೇಲೂ ಅವರು ಹುಡುಕಿಕೊಂಡು ಬಂದದ್ದು ನಾಯಿಯನ್ನು. ಹೊಟ್ಟೆಕಿಚ್ಚು ಅನ್ನಿ, ಏನಾದರೂ ಅನ್ನಿ, ವಾಣಿಶ್ರೀಯ ಎದೆ ಉರಿಯಿತು.

ಮುಂದಿನ ಸೋಮವಾರ ಅವಳು ಹುಗ್ಗಿ ಮಾಡಲಿಲ್ಲ. ಎಡೆ ಇಡಲಿಲ್ಲ. ಮಣೆ, ತೊಳೆದ ತಾಟು ಇದ್ದಲ್ಲೇ ಬಿಟ್ಟು ಕೋಣೆಗೆ ಕೀಲಿ ಹಾಕಿ, ತನ್ನ ಪಾಡಿಗೆ ತಾನು ಅಕ್ಕಿ ಆರಿಸುತ್ತ ಕೂತಳು. ಹೊತ್ತು ನೆತ್ತಿಗೇರಿದಾಗ ಒಳಗೆ ಮಣೆ ಸರಿದ ಸದ್ದಾಯಿತು. ಊಟಕ್ಕೆ ಕೂಡುವ ಮುಂಚೆ ಮಹಾಂತಯ್ಯನವರು ಮಣೆಯನ್ನು ತುಸು ಮುಂದೆ ಎಳೆದುಕೊಳ್ಳುತ್ತಿದ್ದರು, ಅದೇ ಸದ್ದು. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಖಾಲಿ ತಾಟು ನೆಲದ ಮೇಲೆ ಒಮ್ಮೆ ಟಣ್ಣೆಂದಿತು. ಹಿತ್ತಲಲ್ಲಿ ಮೋತ್ಯಾ ಕಿಟಕಿ ನೋಡುತ್ತ ಕುಂಯ್‌ಗುಟ್ಟಿತು. ಬಡಿಸುವವರಿಗಾಗಿ ಒಳಗೊಬ್ಬರು, ಹೊರಗೊಂದು ಕಾಯುತ್ತಿದ್ದರು. ವಾಣಿಶ್ರೀ ಕಿವಿ ಮುಚ್ಚಿಕೊಂಡಳು. ಹಸಿದ ಗಂಡನನ್ನು ಮಣೆಯ ಮೇಲೆ ಕೂಡಿಸಿ ಬಾಗಿಲು ಹಾಕಿಕೊಂಡ ಹೆಂಡತಿ ತಾನು ಅನ್ನಿಸಿ ಅಂದು ಅವಳಿಗೂ ಅನ್ನ ಇಳಿಯಲಿಲ್ಲ.

ಮಂಗಳವಾರ ಮೋತ್ಯಾ ಒಮ್ಮೆಯೂ ಕೆರೆದುಕೊಳ್ಳಲಿಲ್ಲ. ಸಂಶಯಕ್ಕೆ ಇನ್ನು ಎಡೆಯೇ ಇರಲಿಲ್ಲ. ಹುಗ್ಗಿ ಇಟ್ಟರೆ ನಾಯಿ ಉಳಿಯದು. ಇಡದಿದ್ದರೆ ಅವರು ಎಷ್ಟು ದಿನ ಅಂತ ಖಾಲಿ ತಾಟಿನ ಮುಂದೆ ಕೂತಾರು? ಒಂದು ದಿನ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ವಾರವಿಡೀ ಅವಳ ತಲೆಯಲ್ಲಿ ಇದೊಂದೇ.

ಸೋಮವಾರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ತಗಡಿನ ಕೆಳಗಿನ ಡಬ್ಬಿ ಎತ್ತಿಕೊಂಡು ವಾಣಿಶ್ರೀ ಹೊಸ್ತಿಲು ದಾಟಿದಳು. ಊದಿನಕಡ್ಡಿ ಹಚ್ಚಿದ ಕೋಣೆಯಲ್ಲಿ, ಮಹಾಂತಯ್ಯನವರ ತಾಟಿನಲ್ಲಿ, ಕೋಳಿಯ ಕಾಳು ಸುರಿದಳು. ಅದರ ವಾಸನೆ ಕೋಣೆ ತುಂಬಿತು.

"ನೋಡ್ರಿ," ಅಂದಳು ಫೋಟೋಕ್ಕೆ. ಧ್ವನಿ ಮೊದಲು ಸಣ್ಣಗಿತ್ತು, ಬರಬರುತ್ತ ಏರಿತು. "ನಿಮ್ಮ ಹುಗ್ಗಿ ಅದಕ್ಕ ಆಗಿಬರವಲ್ದು. ನಿಮ್ಮ ಕೈಲೇ ಅದರ ಮೈ ಹುಣ್ಣಾಗೇತಿ. ತಿನಸೂದ ಇದ್ದರ ಇದನ್ನ ತಿನಸ್ರಿ. ಮುಟ್ಟಾಕ ಹೇಸಿಕಿ ಅನಸಿದರ ಬಿಡ್ರಿ, ಹೋಗ್ರಿ. ನಾನೂ ಮುಟ್ಟೇನಿ. ನನಗೇನ ಹಿಡಿಸೇತಿ ಅಂತ ತಿಳದೀರೇನು?"

ಹೊರಬಂದು ಕೀಲಿ ಹಾಕಿದಳು. ಹಿತ್ತಲಿಗೆ ಹೋಗಿ ಮೋತ್ಯಾನ ಪಕ್ಕ, ಕಿಟಕಿಯ ಕೆಳಗೆ ನಿಂತಳು. ಒಳಗೆ ಮಣೆ ಸರಿಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮೀನಿನ ವಾಸನೆಗೆ ಕಿಟಕಿ ಬಡಿಯುತ್ತಿದ್ದ ಮನುಷ್ಯ. ಈಗಲೂ ಎದ್ದು ಬಡಿದುಬಿಡುತ್ತಾರೆ ಎಂದು ಅವಳು ಕಿಟಕಿಯ ಕದವನ್ನೇ ನೋಡುತ್ತ ನಿಂತಳು. ಕದ ಅಲುಗಾಡಲಿಲ್ಲ.

ಮೋತ್ಯಾ ಬಾಲ ಬಡಿಯಿತು. ಕತ್ತೆತ್ತಿ, ಮೆಲ್ಲಗೆ ಬಾಯಿ ತೆರೆದು ಮುಚ್ಚಿತು. ಕಟಂ ಎಂದು ಕಾಳು ಮುರಿದ ಸದ್ದು. ಮತ್ತೊಂದು. ಮತ್ತೊಂದು. ವಾಣಿಶ್ರೀಯ ಕಣ್ಣಲ್ಲಿ ನೀರು ಬಂತು. ಬದುಕಿಡೀ ಮಡಿ ಎಂದವರು ಈ ಮೂಕ ಪ್ರಾಣಿಗಾಗಿ ಅದನ್ನು ಬೆರಳಿನಿಂದ ಎತ್ತಿ ಎತ್ತಿ ಕೊಡುತ್ತಿದ್ದರು.

ಏನನ್ನಿಸಿತೋ, ಅವಳೂ ಬಲಗೈ ಎತ್ತಿ ಸರಳಿನ ಹತ್ತಿರ ಅಂಗೈ ಒಡ್ಡಿದಳು. ತೋಳು ಸೋತು ಇಳಿಸಬೇಕು ಅನ್ನುವಷ್ಟು ಹೊತ್ತು ಒಡ್ಡಿದ್ದಳು. ಆಗ ಅಂಗೈಯಲ್ಲಿ ಒಂದು ಕಾಳು ಬಿತ್ತು. ಬಿತ್ತು ಅನ್ನುವುದು ತಪ್ಪು, ಇಟ್ಟರು. ತಣ್ಣನೆಯ ಬೆರಳ ತುದಿ ಅವಳಿಗೆ ತಾಗಿತು.

ಮೋತ್ಯಾ ಅವಳ ಕೈಯನ್ನೇ ನೋಡುತ್ತ ಹತ್ತಿರ ಬಂದು ಕೂತಿತು. ವಾಣಿಶ್ರೀ ಮುಷ್ಟಿ ಬಿಗಿಹಿಡಿದು ಎದೆಗೆ ಒತ್ತಿಕೊಂಡಳು.

"ಇದು ನಂದು," ಅಂದಳು.